ತಾಳೆಯ ತೋಪು, ಹದ್ದಿನ ಬೆಟ್ಟ

ಮದರಾಸಿನಲ್ಲಿ ನೋಡತಕ್ಕದ್ದೇನಿದೆ ಎಂದು ಊರಿನಿಂದ ಬಂದ ನೆಂಟರು ಕೇಳಿದರೆ ನಮ್ಮ ಉತ್ತರ ಸಾಮಾನ್ಯವಾಗಿ ಮೂರೇ ಮಾತಿನಲ್ಲಿ ಮುಗಿಯುತ್ತದೆ: ಮರೀನಾ ಕಡಲತೀರ, ಮೈಲಾಪುರದ ಕಪಾಲೀಶ್ವರನ ಗುಡಿ, ತ್ಯಾಗರಾಯನಗರದ ಸೀರೆ ಅಂಗಡಿಗಳು. 1996ರಲ್ಲಿ ಈ ಊರು ಚೆನ್ನೈ ಎಂದು ಹೆಸರು ಬದಲಿಸಿಕೊಂಡಿತು. ನಮ್ಮ ಉತ್ತರ ಮಾತ್ರ ಬದಲಾಗಲಿಲ್ಲ. ಬೆಟ್ಟ, ತೋಪು, ಕಾಲುದಾರಿ ಎಂದರೆ ಅವೆಲ್ಲ ಮಲೆನಾಡಿನ ಮಾತು, ಈ ಬಯಲು ಸೀಮೆಯ ಸೆಖೆಯಲ್ಲಿ ಏನಿದ್ದೀತು ಎಂಬ ಭಾವನೆ ನಮ್ಮಲ್ಲಿ ಬೇರೂರಿಬಿಟ್ಟಿದೆ.

ಇದರಿಂದ ನಷ್ಟವಾಗಿರುವುದು ನಮ್ಮ ಮಕ್ಕಳಿಗೆ. ಅವರು ಹುಟ್ಟಿ ಬೆಳೆದದ್ದು ಇಲ್ಲಿ. ಅಜ್ಜನ ಊರನ್ನು ಬೇಸಗೆಯ ರಜದಲ್ಲಿ ಹತ್ತು ದಿನ ಕಂಡದ್ದುಂಟು, ಅಷ್ಟೆ. ಆ ಊರಿನ ಗದ್ದೆಯ ಬದುವಿನ ಮೇಲೆ ನಡೆದ ಅಭ್ಯಾಸ ಅವರಿಗಿಲ್ಲ. ಈ ಊರಿನಲ್ಲಿಯೋ, ಬಸ್ಸು ರೈಲುಗಳ ದಾರಿಯಲ್ಲದೆ ಬೇರೆ ದಾರಿ ತಿಳಿಯದು. "ನಮ್ಮೂರು ಯಾವುದು?" ಎಂದು ಮಗು ಕೇಳಿದರೆ ಶಿವಮೊಗ್ಗವೆಂದೋ ಉಡುಪಿಯೆಂದೋ ಹೇಳಿ ಮುಗಿಸುತ್ತೇವೆ. ಕಾಲಿಗೆ ಪರಿಚಯವಿಲ್ಲದ ಊರಿನ ಹೆಸರು ಬಾಯಲ್ಲಿ ಎಷ್ಟು ದಿನ ಉಳಿದೀತು? ಈ ಯೋಚನೆ ಹತ್ತಿದ ಮೇಲೆ ನಾವು ಮೂರು ನಾಲ್ಕು ಸಂಸಾರಗಳವರು, ವಾರವೆಲ್ಲ ಕಡತಗಳ ನಡುವೆ ಕುಳಿತು ಸವೆದವರು, ಭಾನುವಾರಗಳಂದು ಬುತ್ತಿ ಕಟ್ಟಿಕೊಂಡು ಊರ ಸುತ್ತಿನ ಬೆಟ್ಟಗಳನ್ನು ನಡೆದು ನೋಡಲು ತೊಡಗಿದೆವು. ಅದರ ವಿವರವನ್ನು ನಮ್ಮ ಕುಟುಂಬಗಳ ಮುಂದಿಡುವುದೇ ಈ ಬರಹದ ಉದ್ದೇಶ.

ಮೊದಲು ಪರಂಗಿಮಲೆ. ಸೇಂಟ್ ಥಾಮಸ್ ಮೌಂಟ್ ಎಂಬ ಹೆಸರಿನಿಂದ ಎಲ್ಲರಿಗೂ ಗೊತ್ತು. ರೈಲಿಳಿದು ಸ್ವಲ್ಪ ದೂರ ನಡೆದರೆ ಮೆಟ್ಟಿಲುಗಳು ಸಿಗುತ್ತವೆ. ಎತ್ತರ ಸುಮಾರು 300 ಅಡಿ. ಅಜ್ಜಿಯಂದಿರೂ ಎರಡು ಕಡೆ ಕುಳಿತು ಎದ್ದು ಹತ್ತಬಹುದು. ನೆತ್ತಿಯ ಮೇಲೆ ಪೋರ್ಚುಗೀಸರು 1523ರಲ್ಲಿ ಕಟ್ಟಿದ ಇಗರ್ಜಿಯಿದೆ. ಎದುರಿಗೆ ವಿಮಾನ ನಿಲ್ದಾಣ ಕಾಣುವುದರಿಂದ ಮಕ್ಕಳಿಗೆ ಅಲ್ಲಿಂದ ಇಳಿಯುವ ಮನಸ್ಸೇ ಬರುವುದಿಲ್ಲ.

ನಮಗೆ ಈ ಬೆಟ್ಟ ಇನ್ನೊಂದು ಕಾರಣದಿಂದ ಹತ್ತಿರವಾಯಿತು. 1802ರ ಏಪ್ರಿಲ್ 10ರಂದು ವಿಲಿಯಂ ಲ್ಯಾಂಬ್ಟನ್ ಎಂಬ ಸೇನಾಧಿಕಾರಿ ಭಾರತದ ಮಹಾ ತ್ರಿಕೋನಮಿತಿ ಮೋಜಣಿಗೆ ಇಲ್ಲಿ ಮೊದಲು ಮಾಡಿದ. ಈ ಬೆಟ್ಟದ ಬುಡದಿಂದ ದಕ್ಷಿಣದ ಪೆರುಂಬಾಕ್ಕಂ ಗುಡ್ಡದ ಕಡೆಗೆ ಸುಮಾರು ಏಳೂವರೆ ಮೈಲಿ ನೇರ ಗೆರೆಯೊಂದನ್ನು 100 ಅಡಿಯ ಉಕ್ಕಿನ ಸರಪಳಿಯಿಂದ ಅಳೆಯಲು 57 ದಿನ ಹಿಡಿಯಿತು. ಆ ಒಂದು ಗೆರೆಯ ಉದ್ದ ಖಚಿತವಾದ ಮೇಲೆ ಬೆಟ್ಟದಿಂದ ಬೆಟ್ಟಕ್ಕೆ ಕೋನಗಳನ್ನು ನೋಡುತ್ತಾ ತ್ರಿಕೋನಗಳ ಬಲೆಯನ್ನು ಹೆಣೆದುಕೊಂಡು ಹೋದರು. ಬಲೆ ಪಶ್ಚಿಮಕ್ಕೆ ತಿರುಗಿತು. 1804ರಲ್ಲಿ ಬೆಂಗಳೂರಿನ ಬಳಿ ಇನ್ನೊಂದು ಆಧಾರ ರೇಖೆಯನ್ನು ಅಳೆದು ಲೆಕ್ಕ ತಾಳೆ ನೋಡಿ, ಅಲ್ಲಿಂದ ಮಂಗಳೂರಿನ ಕಡಲವರೆಗೆ ಮುಂದುವರಿದರು. ಹಿಮಾಲಯದ ಎವರೆಸ್ಟಿನ ಎತ್ತರವನ್ನು ಕಂಡುಹಿಡಿದದ್ದೂ ಇದೇ ಮೋಜಣಿಯೇ. ಹೀಗೆ ಕರ್ನಾಟಕದ ಬೆಟ್ಟಗಳ ದೂರವನ್ನು ಈ ಮೋಜಣಿಯವರು ಶಾಸ್ತ್ರೀಯವಾಗಿ ಲೆಕ್ಕ ಹಾಕುವಾಗ ಎಣಿಕೆ ಆರಂಭವಾದದ್ದು ನಮ್ಮ ಮಕ್ಕಳು ನಿಂತ ಈ ಬೆಟ್ಟದಿಂದ. ಇದನ್ನು ಹೇಳಿದಾಗ ಹುಡುಗನೊಬ್ಬ ಪಶ್ಚಿಮಕ್ಕೆ ತಿರುಗಿ ಕಣ್ಣಿಗೆ ಕೈ ಅಡ್ಡ ಹಿಡಿದು, "ಹಾಗಾದರೆ ಮಂಗಳೂರು ಆ ಕಡೆಯೇ ಏನಣ್ಣ?" ಎಂದು ಕೇಳಿದ. ಅವನ ಅಪ್ಪನ ಊರು ಅದೇ.

ಮುಂದಿನ ಭಾನುವಾರದ ನಡಿಗೆ ಪಲ್ಲಾವರಂ, ತಿರುಶೂಲಂ ಕಡೆಗೆ. ಇಲ್ಲಿಯ ಗುಡ್ಡಗಳು ಕುಳ್ಳು. ಕುರುಚಲು ಗಿಡ, ಮುಳ್ಳಿನ ಪೊದೆ, ನಡುನಡುವೆ ಕಪ್ಪು ಬಂಡೆ. ಈ ಕಲ್ಲಿಗೆ ಚಾರ್ನೊಕೈಟ್ ಎಂದು ಹೆಸರು. ಕಲ್ಕತ್ತೆಯಲ್ಲಿರುವ ಜಾಬ್ ಚಾರ್ನಾಕ್‌ನ ಗೋರಿಯ ಕಲ್ಲು ಇದೇ ಜಾತಿಯದೆಂದು ಕಂಡು ಥಾಮಸ್ ಹಾಲೆಂಡ್ ಎಂಬ ಭೂವಿಜ್ಞಾನಿ 1893ರಲ್ಲಿ ಇಟ್ಟ ಹೆಸರದು. ನಮ್ಮ ಬಿಳಿಗಿರಿರಂಗನ ಬೆಟ್ಟದಲ್ಲಿಯೂ ಇದೇ ಕಲ್ಲು. ಕನಕಪುರದ ಕಡೆಯ ಕಬ್ಬಾಳದುರ್ಗದಲ್ಲಿ ಬೇರೆ ಕಲ್ಲು ಚಾರ್ನೊಕೈಟಾಗಿ ಮಾರ್ಪಟ್ಟಿರುವುದನ್ನು ನೋಡಲು ದೇಶವಿದೇಶಗಳ ವಿಜ್ಞಾನಿಗಳು ಬಂದಿದ್ದಾರೆ.

ಈ ಪಲ್ಲಾವರದಲ್ಲಿಯೇ 1863ರ ಮೇ 30ರಂದು ರಾಬರ್ಟ್ ಬ್ರೂಸ್ ಫೂಟ್ ಜಲ್ಲಿಗುಂಡಿಯೊಂದರಲ್ಲಿ ಆದಿಮಾನವನ ಕಲ್ಲಿನ ಕೈಗೊಡಲಿಯನ್ನು ಕಂಡುಹಿಡಿದ. ಭಾರತದ ಇತಿಹಾಸಪೂರ್ವ ಕಾಲದ ಅಧ್ಯಯನಕ್ಕೆ ತಳಹದಿಯಾದ ದಿನ ಅದು. ಅದೇ ವರ್ಷ ಕೊರ್ತಲೈಯಾರ್ ನದಿಯ ಬಳಿಯ ಅತ್ತಿರಂಪಾಕ್ಕಂ ಎಂಬಲ್ಲಿ ಇನ್ನಷ್ಟು ಉಪಕರಣಗಳು ಸಿಕ್ಕವು. ಅಲ್ಲಿಯ ಅತಿ ಹಳೆಯವು ಸುಮಾರು 15 ಲಕ್ಷ ವರ್ಷಗಳಷ್ಟು ಪ್ರಾಚೀನವೆಂದು 2011ರಲ್ಲಿ ಪ್ರಕಟವಾಯಿತು. ಫೂಟ್ ಮುಂದೆ ಬಳ್ಳಾರಿ ಸೀಮೆಯ ಗುಡ್ಡಗಳನ್ನೂ ಕಾಲ್ನಡಿಗೆಯಲ್ಲಿ ಅಲೆದು ಸಂಗನಕಲ್ಲಿನಂಥ ನವಶಿಲಾಯುಗದ ನೆಲೆಗಳನ್ನು ಬೆಳಕಿಗೆ ತಂದ. ಅವನು ಕೂಡಿಟ್ಟ ಕಲ್ಲುಗಳನ್ನು 1904ರಲ್ಲಿ ಮದರಾಸಿನ ಮ್ಯೂಸಿಯಂ ಕೊಂಡಿತು. ನಡಿಗೆಯಾದ ಮರುವಾರ ಎಗ್ಮೂರಿಗೆ ಹೋದರೆ ಮಕ್ಕಳಿಗೆ ಎರಡೂ ಕೂಡಿ ಬರುತ್ತವೆ.

ಇಲ್ಲಿ ನೋಡಿ ಮನಸ್ಸು ಕುಗ್ಗುವ ಸಂಗತಿಯೂ ಇದೆ. ಗುಡ್ಡಗಳ ಒಂದೊಂದು ಪಕ್ಕವನ್ನು ಜಲ್ಲಿಗಾಗಿ ಕಡಿದು ತೆಗೆದಿದ್ದಾರೆ. ಕಾಲುದಾರಿ ಹತ್ತು ಹೆಜ್ಜೆ ಚೆನ್ನಾಗಿ ಹೋಗಿ ಇದ್ದಕ್ಕಿದ್ದಂತೆ ಪ್ರಪಾತದ ಅಂಚಿನಲ್ಲಿ ನಿಲ್ಲುತ್ತದೆ. ಕೆಳಗೆ ಹಸಿರು ನೀರು. ಆ ಜಲ್ಲಿ ಎಲ್ಲಿ ಹೋಯಿತೆಂದು ದೂರ ಹುಡುಕಬೇಕಾಗಿಲ್ಲ. ನಾವು ವಾಸಿಸುವ ಮನೆಗಳ ತಾರಸಿಯಲ್ಲಿಯೇ ಇದೆ. 2017ರ ಬರದಲ್ಲಿ ಮಾಂಗಾಡಿನ ಬಳಿಯ ಸಿಕ್ಕರಾಯಪುರದ ಇಂಥ ಕಲ್ಲುಗುಂಡಿಗಳ ನೀರನ್ನೇ ಶುದ್ಧಿ ಮಾಡಿ ನಗರಕ್ಕೆ ಕುಡಿಯಲು ಕೊಟ್ಟರು. ಮಕ್ಕಳನ್ನು ಈ ಗುಂಡಿಗಳ ಅಂಚಿಗೆ ಬಿಡಬಾರದು, ಈಜಲಂತೂ ಕೂಡದು.

ಎಲ್ಲಕ್ಕಿಂತ ನಮಗೆ ಮೆಚ್ಚಾದದ್ದು ತಿರುಕ್ಕಳುಕುನ್ರಂ. ಬೆಳಗಿನ ರೈಲಿನಲ್ಲಿ ಚೆಂಗಲ್ಪಟ್ಟಿಗೆ ಹೋಗಿ, ಅಲ್ಲಿಂದ ಬಸ್ಸಿನಲ್ಲಿ ಸುಮಾರು 15 ಕಿಲೋಮೀಟರು. ಊರಿಗೆ ಒಂದೆರಡು ಮೈಲಿ ಮೊದಲೇ ಇಳಿದುಬಿಡುವುದು ನಮ್ಮ ಪದ್ಧತಿ. ಅಲ್ಲಿಂದ ಗದ್ದೆಯ ಬದು, ಕೆರೆಯ ಏರಿ, ಏರಿಯುದ್ದಕ್ಕೂ ತಾಳೆಮರಗಳು. ಗ್ರೀಸು, ಇಟಲಿ ದೇಶಗಳಲ್ಲಿ ಆಲಿವ್ ತೋಪುಗಳ ನಡುವಿನ ಕಾಲುದಾರಿಗಳಲ್ಲಿ ನಡೆಯಲು ಜನ ಎಲ್ಲೆಲ್ಲಿಂದಲೋ ಹೋಗುತ್ತಾರಂತೆ. ಆ ನಾಡಿಗೆ ಆಲಿವ್ ಹೇಗೋ ಈ ನಾಡಿಗೆ ತಾಳೆ ಹಾಗೆ. ನೆಟ್ಟವನು ಫಲ ಕಾಣಲು ಹನ್ನೆರಡು ಹದಿನೈದು ವರ್ಷ ಕಾಯಬೇಕು. ಆಮೇಲೆ ಮೊಮ್ಮಕ್ಕಳ ಕಾಲಕ್ಕೂ ಕೊಡುತ್ತದೆ. ಬೇರು ಏರಿಯ ಮಣ್ಣನ್ನು ಹಿಡಿದು ನಿಲ್ಲಿಸುತ್ತದೆ. ಕಾಂಡ ಮನೆಯ ತೊಲೆಗೆ, ಗರಿ ಬೀಸಣಿಗೆ ಬುಟ್ಟಿಗಳಿಗೆ. ಸುಣ್ಣ ಬಳಿದ ಕುಡಿಕೆಯಲ್ಲಿ ಇಳಿಸಿದ ರಸ ಹುಳಿಯದೆ ಸಿಹಿಯಾಗಿ ನಿಂತು ಪದನೀರಾಗುತ್ತದೆ. ಕಾಯಿಸಿದರೆ ಕರುಪ್ಪಟ್ಟಿ ಬೆಲ್ಲ. ಸಂಕ್ರಾಂತಿಯ ಹೊತ್ತಿಗೆ ಮೊಳಕೆಯ ಗೆಡ್ಡೆಯನ್ನು ಬೇಯಿಸಿ ಮಾರುತ್ತಾರೆ. ನಮ್ಮ ಪೂರ್ವಿಕರ ಓಲೆಗರಿಯ ಪುಸ್ತಕಗಳೆಲ್ಲ ತಾಳೆಯ ಜಾತಿಯ ಎಲೆಗಳೇ ಎಂದ ಮೇಲೆ ಕನ್ನಡ ಓದುವವರೂ ಈ ಮರಕ್ಕೆ ಋಣಿಗಳೇ.

ದಾರಿಯಲ್ಲಿ ತಾಟಿನಿಂಗು ಕೆತ್ತುತ್ತಿದ್ದ ಹೆಂಗಸೊಬ್ಬಳು ಗರಿಯ ದೊನ್ನೆಯಲ್ಲಿ ಪದನೀರು ಹೊಯ್ದು, ಅದರಲ್ಲಿ ನಿಂಗನ್ನು ಬಿಡಿಸಿ ಹಾಕಿ ಕೊಟ್ಟಳು. ನಮ್ಮೊಡನಿದ್ದ ಅಜ್ಜಿ ಒಂದು ಗುಟುಕು ಕುಡಿದು, "ಇದು ನಮ್ಮ ಕಡೆಯದೇ ರುಚಿ ಕಣಮ್ಮ" ಎಂದರು, ಕನ್ನಡದಲ್ಲಿಯೇ. ಅವಳಿಗೆ ಮಾತು ತಿಳಿಯಿತೋ ಇಲ್ಲವೋ, ಎರಡನೆಯ ದೊನ್ನೆಗೆ ಕಾಸು ತೆಗೆದುಕೊಳ್ಳಲಿಲ್ಲ. ಇಟ್ಟಿಗೆ ಗೂಡಿಗೆಂದು ತಾಳೆಗಳು ಬಹಳ ಉರುಳಿದ್ದರಿಂದ, ಜಿಲ್ಲಾಧಿಕಾರಿಯ ಅನುಮತಿಯಿಲ್ಲದೆ ತಾಳೆ ಕಡಿಯಬಾರದೆಂದು ತಮಿಳುನಾಡು ಸರ್ಕಾರ 2021ರಲ್ಲಿ ನಿಯಮ ಮಾಡಿತು.

ಊರು ಸೇರಿದರೆ ಶಂಖತೀರ್ಥ. ಹನ್ನೆರಡು ವರ್ಷಕ್ಕೊಮ್ಮೆ ಈ ಕೆರೆಯಲ್ಲಿ ಶಂಖ ಹುಟ್ಟುವುದೆಂದು ಪ್ರಸಿದ್ಧಿ. ಅಲ್ಲಿಂದ ಐನೂರಕ್ಕೂ ಮಿಕ್ಕ ಮೆಟ್ಟಿಲು ಹತ್ತಿದರೆ ವೇದಗಿರೀಶ್ವರನ ಸನ್ನಿಧಿ. ಕಳುಗು ಎಂದರೆ ಹದ್ದು, ಕುನ್ರಂ ಎಂದರೆ ಗುಡ್ಡ. ದಿನವೂ ಮಧ್ಯಾಹ್ನದ ಹೊತ್ತಿಗೆ ಎರಡು ಬಿಳಿಯ ಹದ್ದುಗಳು ಬಂದು ಅರ್ಚಕರ ಕೈಯ ಸಿಹಿ ಪೊಂಗಲನ್ನು ತಿಂದು ಹೋಗುತ್ತಿದ್ದವು. ಕಾಶಿಯಲ್ಲಿ ಮಿಂದು, ಇಲ್ಲಿ ಉಂಡು, ರಾಮೇಶ್ವರಕ್ಕೆ ಹೋಗುವ ಋಷಿಗಳೆಂದು ಜನರ ನಂಬಿಕೆ. 1990ರ ದಶಕದ ಕೊನೆಯಿಂದ ಅವು ಬರಲಿಲ್ಲ. ಆ ಕಾಲದಲ್ಲಿ ದೇಶವೆಲ್ಲ ರಣಹದ್ದುಗಳ ಸಂತತಿ ಕುಸಿಯಿತು. ದನಗಳಿಗೆ ಕೊಡುತ್ತಿದ್ದ ಡೈಕ್ಲೋಫೆನಾಕ್ ಎಂಬ ನೋವಿನ ಔಷಧವೇ ಮುಖ್ಯ ಕಾರಣವೆಂದು ತಿಳಿದು 2006ರಲ್ಲಿ ಅದನ್ನು ಪಶುಗಳಿಗೆ ಕೊಡುವುದನ್ನು ನಿಷೇಧಿಸಿದರು. ನಮ್ಮ ರಾಮನಗರದ ರಾಮದೇವರ ಬೆಟ್ಟವನ್ನು 2012ರಲ್ಲಿ ರಣಹದ್ದುಗಳ ಧಾಮವೆಂದು ಘೋಷಿಸಿದ್ದೂ ಇದೇ ಚಿಂತೆಯಿಂದ. ಅಲ್ಲಿ ಈ ಬಿಳಿಯ ಜಾತಿಯೂ ಇದೆ.

ಇಳಿಯುವ ದಾರಿಯಲ್ಲಿ ಒಂದೇ ಬಂಡೆಯಲ್ಲಿ ಕೊರೆದ ಪಲ್ಲವರ ಕಾಲದ ಒರುಕಲ್ ಮಂಡಪವಿದೆ. ಅದರ ನೆರಳಿನಲ್ಲಿ ಬುತ್ತಿ ಬಿಚ್ಚುವ ಮುಂಚೆ, ಈ ಊರಿನ ಒಂಬತ್ತನೆಯ ಶತಮಾನದ ಚೋಳ ಶಾಸನವೊಂದರ ಸಂಗತಿಯನ್ನು ಮಕ್ಕಳಿಗೆ ಹೇಳಿದೆವು. ದೇವರಿಗೆ ಹಿಂದೆ ಬಿಟ್ಟಿದ್ದ ದತ್ತಿಯನ್ನು ಪಲ್ಲವ ನರಸಿಂಹವರ್ಮ ಕಾಪಾಡಿದ್ದನೆಂದು ಅದು ಹೇಳುತ್ತದೆ. ಅವನನ್ನು ಕರೆಯುವುದು 'ವಾತಾಪಿಯನ್ನು ಗೆದ್ದವನು' ಎಂದು. "ವಾತಾಪಿ ಅಂದರೆ ನಮ್ಮ ಬಾದಾಮಿಯೇನಜ್ಜಿ?" ಎಂದಳು ಒಬ್ಬ ಹುಡುಗಿ. ಹೌದು, 642ರ ಸುಮಾರಿಗೆ ಇಲ್ಲಿಂದ ಅಲ್ಲಿಗೆ ಹೋದ ದಂಡು ಬಾದಾಮಿಯ ಬಂಡೆಯ ಮೇಲೆ ಶಾಸನ ಕೆತ್ತಿ ಬಂತು. ನೂರು ವರ್ಷದ ಮೇಲೆ ನಮ್ಮ ಚಾಲುಕ್ಯ ವಿಕ್ರಮಾದಿತ್ಯ ಕಂಚಿಗೆ ಬಂದು ಗೆದ್ದರೂ ಊರನ್ನು ಸುಡಲಿಲ್ಲ. ಕೈಲಾಸನಾಥನ ಗುಡಿಯ ಐಶ್ವರ್ಯವನ್ನು ದೇವರಿಗೇ ಬಿಟ್ಟುಕೊಟ್ಟು, ಅದನ್ನು ಅಲ್ಲಿಯ ಕಂಬದ ಮೇಲೆ ಕನ್ನಡದಲ್ಲಿ ಬರೆಸಿದ. ಇಂದಿಗೂ ಅದು ಅಲ್ಲಿದೆ. ಈ ನೆಲಕ್ಕೆ ಕನ್ನಡ ನಿನ್ನೆ ಮೊನ್ನೆ ನಮ್ಮ ವರ್ಗಾವಣೆಯ ಆದೇಶದ ಜೊತೆಗೆ ಬಂದುದಲ್ಲ.

ಹೊರಡುವವರಿಗೆ ಎರಡು ಮಾತು. ಮಾರ್ಗಶಿರದಿಂದ ಮಾಘದವರೆಗೆ ನಡೆಯಲು ಹಿತ. ತಾಟಿನಿಂಗು ಬೇಕೆಂದರೆ ಚೈತ್ರ ವೈಶಾಖಗಳಲ್ಲಿ ಬೆಳಗ್ಗೆಯೇ ಮುಗಿಸಬೇಕು. ಚಿತ್ರಾನ್ನ, ಮೊಸರನ್ನ ಕೋತಿಗಳ ಕಣ್ಣಿಗೆ ಬೀಳದಂತೆ ಮುಚ್ಚಿರಲಿ. ನೀರು ತಲೆಗೊಂದು ದೊಡ್ಡ ಸೀಸೆ. ತಂದ ಕಸವನ್ನು ಹಿಂದಕ್ಕೆ ತರತಕ್ಕದ್ದು.

ನಡೆಯುವವರಿಲ್ಲದ ದಾರಿಯನ್ನು ಮುಚ್ಚಿದರೆ ಕೇಳುವವರಿರುವುದಿಲ್ಲ. ಆದ್ದರಿಂದ ವರ್ಷಕ್ಕೆ ನಾಲ್ಕು ಭಾನುವಾರವಾದರೂ ನಮ್ಮ ಸಂಘದ ಕುಟುಂಬಗಳು ಕೂಡಿ ಹೊರಡಲಿ ಎಂದು ನಮ್ಮ ಸೂಚನೆ. ಅಜ್ಜ ಅಜ್ಜಿಯರನ್ನು ತಪ್ಪದೆ ಕರೆತನ್ನಿ. ಅವರ ಹೆಜ್ಜೆಗೆ ಮಕ್ಕಳು ನಿಧಾನಿಸಿದಷ್ಟೂ ದಾರಿಯಲ್ಲಿ ಕಾಣುವುದು ಹೆಚ್ಚು.