ಶಾಲೆಗಳನ್ನು ನೋಡಲು ಬಂದವರು

‘ಇನ್‌ಸ್ಪೆಕ್ಟರು ನಾಳೆ ಬರುವರಂತೆ’ ಎಂಬ ಸುದ್ದಿ ಹುಟ್ಟಿದೊಡನೆ ಶಾಲೆಯಲ್ಲಿ ಆಗುತ್ತಿದ್ದ ಗಡಿಬಿಡಿಯನ್ನು ಈ ಸಂಚಿಕೆಯನ್ನೋದುವ ಸೋದರಿಯರಿಗೆ ನಾನು ವರ್ಣಿಸಬೇಕಾದುದಿಲ್ಲ. ನೆಲ ಸಾರಿಸಿ, ಹಲಗೆಗೆ ಮಸಿ ಬಳಿದು, ಪದ್ಯಗಳನ್ನು ಮತ್ತೆ ಮತ್ತೆ ಒಪ್ಪಿಸಿ, ಅವರ ಬರವನ್ನು ಕಾದ ದಿನಗಳು ನಮ್ಮೆಲ್ಲರಿಗೂ ಉಂಟು. ಮುಂದೆ ನಾನು ಶಿರಾಳಕೊಪ್ಪದ ಸೀಮೆಯಲ್ಲಿ ಉಪಾಧ್ಯಾಯಿನಿಯಾದಾಗ ಅದರ ಇನ್ನೊಂದು ಮಗ್ಗುಲನ್ನು ಕಂಡೆನು. ಶಾಲೆಯನ್ನು ನೋಡಲು ಬಂದವರು ನಿಜವಾಗಿ ನೋಡಿದುದೇನು ಎಂಬ ಪ್ರಶ್ನೆ ಅಂದಿನಿಂದ ನನ್ನನ್ನು ಬಿಟ್ಟಿಲ್ಲ.

ಆ ಪ್ರಶ್ನೆಗೆ ಉತ್ತರವನ್ನು ನಾನು ಒಬ್ಬರ ಜೀವಿತದಲ್ಲಿ ಕಂಡಿರುವೆನು. ಅವರು ಬೆಂಜಮಿನ್ ಲೂಯಿಸ್ ರೈಸ್ ಸಾಹೇಬರು. 1837ರಲ್ಲಿ ಬೆಂಗಳೂರಿನಲ್ಲಿ ಹುಟ್ಟಿದ ಇವರು ಲಂಡನ್ ಮಿಷನ್ನಿನ ರೈಸ್ ಪಾದ್ರಿಗಳ ಮಗ. 1840ರಲ್ಲಿ ಬೆಂಗಳೂರಿನ ಕನ್ನಡ ಹೆಣ್ಣುಮಕ್ಕಳಿಗಾಗಿ ಪಾಠಶಾಲೆಯನ್ನು ತೆರೆದ ಮಹನೀಯೆಯರಲ್ಲಿ ಇವರ ತಾಯಿಯೂ ಒಬ್ಬರು. ಇಂಗ್ಲೆಂಡಿನಲ್ಲಿ ಓದಿ ಬಂದು 1860ರಲ್ಲಿ ಬೆಂಗಳೂರು ಹೈಸ್ಕೂಲಿನ ಮುಖ್ಯೋಪಾಧ್ಯಾಯರಾದರು. 1865ರಲ್ಲಿ ಮೈಸೂರು ಮತ್ತು ಕೊಡಗು ಸೀಮೆಗಳ ಶಾಲಾ ಇನ್‌ಸ್ಪೆಕ್ಟರಾದರು. 1868ರಲ್ಲಿ ವಿದ್ಯಾ ಇಲಾಖೆಯ ಮುಖ್ಯಾಧಿಕಾರಿಯ ಕೆಲಸವನ್ನು ತಾತ್ಕಾಲಿಕವಾಗಿ ವಹಿಸಿದ್ದಾಗ, ಹೋಬಳಿಗೊಂದು ಶಾಲೆಯಿರಬೇಕೆಂಬ ಯೋಜನೆಯನ್ನು ಸರಕಾರದ ಮುಂದಿಟ್ಟರು. ಬೇಸಾಯಗಾರರ ಮಕ್ಕಳಿಗೂ ವಿದ್ಯೆ ಎಟುಕಬೇಕೆಂಬುದೇ ಅದರ ಉದ್ದೇಶವಾಗಿದ್ದಿತು. ನನ್ನ ಮುತ್ತಜ್ಜನು ಅಕ್ಷರ ಕಲಿತುದು ಅಂಥ ಹಳ್ಳಿಯ ಶಾಲೆಯೊಂದರಲ್ಲಿ. ಅವನು ತನ್ನ ಮಗಳಿಗೆ ಮನೆಯಲ್ಲಿಯೇ ಕಲಿಸಿದನು. ಆ ಮಗಳು, ಎಂದರೆ ನನ್ನ ಅಜ್ಜಿ, ಹಟ ಹಿಡಿದುದರಿಂದಲೇ ನಾನು ನಮ್ಮ ಈ ಶಾಲೆಯ ಮೆಟ್ಟಿಲನ್ನು ಏರಿದೆನು.

ರೈಲು ಇನ್ನೂ ಮಲೆನಾಡನ್ನು ಮುಟ್ಟದಿದ್ದ ಆ ಕಾಲದಲ್ಲಿ ಶಾಲೆಗಳನ್ನು ನೋಡುವುದೆಂದರೆ ಕುದುರೆಯೇರಿ ಊರೂರು ತಿರುಗುವುದು. ಹಾಗೆ ತಿರುಗುವಾಗ ಗುಡಿಯ ಅಂಗಳದಲ್ಲಿಯೂ ಹೊಲದ ಬದುವಿನಲ್ಲಿಯೂ ನಿಂತಿದ್ದ ಬರಹದ ಕಲ್ಲುಗಳು ಅವರ ಕಣ್ಣಿಗೆ ಬಿದ್ದುವು. ಮಕ್ಕಳ ಓದನ್ನು ಪರೀಕ್ಷಿಸಲು ಬಂದವರು ತಾವೇ ವಿದ್ಯಾರ್ಥಿಯಾಗಿ, ಪಂಡಿತರ ನೆರವಿನಿಂದ ಆ ಹಳಗನ್ನಡವನ್ನು ಓದತೊಡಗಿದರು. 1879ರಲ್ಲಿ ಮೈಸೂರಿನ ಶಾಸನಗಳ ಅನುವಾದವನ್ನು ಪ್ರಕಟಿಸಿದರು. 1890ರಲ್ಲಿ ಪ್ರಾಚ್ಯವಸ್ತು ಇಲಾಖೆಯ ಕೆಲಸಕ್ಕೇ ಪೂರ್ಣವಾಗಿ ನಿಂತು, 1906ರಲ್ಲಿ ನಿವೃತ್ತರಾಗುವಷ್ಟರಲ್ಲಿ ‘ಎಪಿಗ್ರಾಫಿಯ ಕರ್ನಾಟಿಕ’ದ 12 ಸಂಪುಟಗಳಲ್ಲಿ ಸುಮಾರು 9000 ಶಾಸನಗಳನ್ನು ನಾಡಿಗೆ ಒಪ್ಪಿಸಿದ್ದರು.

ಶಿಕಾರಿಪುರ ತಾಲ್ಲೂಕಿನ ಶಾಸನಗಳು 1902ರಲ್ಲಿ ಅಚ್ಚಾದ ಏಳನೆಯ ಸಂಪುಟದಲ್ಲಿಯೂ, ಸೊರಬದವು 1904ರ ಎಂಟನೆಯ ಸಂಪುಟದಲ್ಲಿಯೂ ಇವೆ. ಶಿರಾಳಕೊಪ್ಪದಿಂದ ನಡೆದೇ ಹೋಗಬಹುದಾದ ಬಳ್ಳಿಗಾವಿಯ 1162ರ ಶಾಸನವು, ಅಲ್ಲಿಯ ಕೋಡಿಯ ಮಠದಲ್ಲಿ ವೇದ, ವ್ಯಾಕರಣ, ದರ್ಶನ, ಪುರಾಣ, ನಾಟಕಗಳ ವ್ಯಾಸಂಗ ನಡೆಯುತ್ತಿದ್ದುದನ್ನೂ, ದೀನರಿಗೆ ಅನ್ನವೂ ರೋಗಿಗಳಿಗೆ ಚಿಕಿತ್ಸೆಯೂ ದೊರೆಯುತ್ತಿದ್ದುದನ್ನೂ ತಿಳಿಸುತ್ತದೆ. ಸಮೀಪದ ತಾಳಗುಂದದ ಕಂಬವು ಮಯೂರಶರ್ಮನು ವಿದ್ಯೆಗಾಗಿ ಕಂಚಿಗೆ ಹೋದುದನ್ನು ಹೇಳುತ್ತದೆ. ಈ ಸೀಮೆಯ ಮಕ್ಕಳನ್ನು ಕರೆದೊಯ್ದು ನಾನು ಆ ಕಲ್ಲುಗಳನ್ನು ತೋರಿಸಿದಾಗಲೆಲ್ಲ, ‘ನಮ್ಮೂರಲ್ಲೂ ಅಷ್ಟು ದೊಡ್ಡ ಶಾಲೆ ಇತ್ತೇ, ಟೀಚರಮ್ಮಾ?’ ಎಂದು ಅವರು ಬೆರಗಾಗುತ್ತಿದ್ದರು.

ಇನ್ನು ನನ್ನ ಅನುಭವದ ಮಾತು. ಒಮ್ಮೆ ಬಂದ ಅಧಿಕಾರಿಯೊಬ್ಬರು ಹಾಜರಿ ಪುಸ್ತಕದ ಲೆಕ್ಕವನ್ನು ಕೂಡಿಸಿ, ರುಜು ಹಾಕಿ, ಒಂದು ಮಗುವನ್ನೂ ಓದಿಸದೆ ತೆರಳಿದರು. ಆರು ವಾರಗಳಿಂದ ಬಾರದಿದ್ದ ಹುಡುಗಿಯೊಬ್ಬಳ ವಿಷಯವನ್ನು ನಾನೇ ಅರಿಕೆಮಾಡಿದರೂ ಅವರಿಗೆ ಕೇಳಲು ಬಿಡುವಿರಲಿಲ್ಲ. ನಾನು ಅವಳ ಮನೆಗೆ ಎಷ್ಟೋ ಸಲ ಹೋಗಿ ಬೇಡಿದ್ದೆನು. ಅಲ್ಲಿ ದೊಡ್ಡವರೊಬ್ಬರ ಮಾತು ಬೇಕಾಗಿದ್ದಿತು. ಆ ಹುಡುಗಿ ಮತ್ತೆ ಶಾಲೆಗೆ ಬರಲಿಲ್ಲ.

ಮರುವರ್ಷ ಬಂದವರು ಬೇರೊಬ್ಬರು. ಅವರು ಅದೇ ಪುಸ್ತಕವನ್ನು ತೆರೆದು, ಒಂದು ಹೆಸರಿನ ಮೇಲೆ ಬೆರಳಿಟ್ಟು, ‘ಈ ಮಗು ಏಕೆ ಬರುತ್ತಿಲ್ಲ, ತಾಯಿ?’ ಎಂದು ಕೇಳಿದರು. ತಮ್ಮನನ್ನು ನೋಡಿಕೊಳ್ಳಲು ಮನೆಯಲ್ಲಿ ನಿಲ್ಲಿಸಿದ್ದಾರೆ ಎಂದೆನು. ಅವರು ನನ್ನೊಡನೆ ಆ ಮನೆಯವರೆಗೂ ನಡೆದು ಬಂದರು. ಜಗಲಿಯ ಮೇಲೆ ಕುಳಿತು ಹುಡುಗಿಯ ತಂದೆಯೊಡನೆ ಭತ್ತದ ಬೆಳೆಯ ಮಾತನಾಡಿ, ಕಡೆಗೆ ‘ತಮ್ಮನನ್ನೂ ಎತ್ತಿಕೊಂಡು ಬರಲಿ ಗೌಡರೇ, ಶಾಲೆಯ ಮೂಲೆಯಲ್ಲಿ ಮಲಗಿರುತ್ತಾನೆ’ ಎಂದರು. ಮರುದಿನವೇ ಅವಳು ತಮ್ಮನನ್ನು ಕಂಕುಳಲ್ಲಿಟ್ಟುಕೊಂಡು ಬಂದಳು. ಇಂದು ಅವಳ ಮೊಮ್ಮಕ್ಕಳು ಕಾಲೇಜಿನಲ್ಲಿ ಓದುತ್ತಿದ್ದಾರೆ.

ರೈಸ್ ಸಾಹೇಬರು 1927ರಲ್ಲಿ ಇಂಗ್ಲೆಂಡಿನಲ್ಲಿ ತೀರಿಕೊಂಡರು. ದಾರಿಯ ಬದಿಯ ಕಲ್ಲನ್ನೂ ಕಡೆಗಣಿಸದ ಅವರ ಕಣ್ಣೇ ಬೇಸಾಯಗಾರನ ಮಗುವನ್ನೂ ಕಡೆಗಣಿಸಲಿಲ್ಲವೆಂದು ನಾನು ನಂಬಿರುವೆನು. ಇನ್‌ಸ್ಪೆಕ್ಟರೆಂಬ ಹೆಸರು ಹೋಗಿ ಈಗ ಕ್ಷೇತ್ರ ಶಿಕ್ಷಣಾಧಿಕಾರಿಗಳಿರುವರು. ನಮ್ಮ ಶಾಲೆಯ ಹೆಣ್ಣುಮಕ್ಕಳಲ್ಲಿ ಕೆಲವರಾದರೂ ಆ ಹುದ್ದೆಗಳಿಗೆ ಏರಲೆಂದು ನನ್ನ ಹಾರೈಕೆ. ಏರಿದವರು ಲೆಕ್ಕವನ್ನು ಕೂಡಿಸುವ ಮುನ್ನ ಒಂದು ಮಗುವಿನ ಓದನ್ನು ಕೇಳಲಿ, ಬಾರದ ಮಗುವಿನ ಮನೆಯ ದಾರಿಯನ್ನು ವಿಚಾರಿಸಲಿ. ತಂದೆತಾಯಿಗಳೂ ಅಂಥವರು ಬಾಗಿಲಿಗೆ ಬಂದಾಗ ಜಗಲಿಯ ಮೇಲೆ ಚಾಪೆ ಹಾಸಿ, ಅವರ ಮಾತನ್ನು ನಡೆಸಿಕೊಡಲಿ.