ಆಲದ ಮರದ ಬಿಡಾರಿಗರು

ನಾವು ಮುಂಬಯಿಗೆ ಬಂದ ಹೊಸದರಲ್ಲಿ ಈ ಮಹಾನಗರದಲ್ಲಿ ನಮಗೆ ಪರಿಚಿತವಾಗಿ ಕಂಡುದು ಒಂದೇ: ಶಾಲೆಯ ಹಿಂದಿನ ಚಾಳಿನ ಅಂಗಳದಲ್ಲಿದ್ದ ಮುದಿ ಆಲದ ಮರ, ಅದರ ಕೊಂಬೆಗಳಲ್ಲಿ ತಲೆಕೆಳಗಾಗಿ ತೂಗುತ್ತಿದ್ದ ಬಾವಲಿಗಳು. ನಮ್ಮೂರಿನ ಕೆರೆಯ ಏರಿಯ ಮೇಲೆಯೂ ಇಂಥದೇ ಮರವಿದ್ದಿತು. ಮುಸ್ಸಂಜೆಯಲ್ಲಿ ನಾವು ಉತ್ತರಪತ್ರಿಕೆಗಳ ಕಟ್ಟನ್ನು ಕಂಕುಳಲ್ಲಿಟ್ಟುಕೊಂಡು ಹೊರಬರುವ ವೇಳೆಗೆ ಅವು ಒಂದೊಂದಾಗಿ ರೆಕ್ಕೆ ಬಿಚ್ಚಿ, ಲೋಕಲ್ ಗಾಡಿಯ ಹಳಿಗಳನ್ನು ದಾಟಿ ಹೊರಡುತ್ತಿದ್ದುವು. ಹಗಲು ಪಾಳಿ ಮುಗಿಸಿದವರಿಗೆ ರಾತ್ರಿ ಪಾಳಿಯವರು ಎದುರಾದಂತೆ ನಮಗೆ ತೋರುತ್ತಿತ್ತು.

ಆದರೆ ಪರಿಚಯವೆಲ್ಲವೂ ಸ್ನೇಹವಲ್ಲ. ಅವುಗಳ ಹಿಕ್ಕೆ ನಮ್ಮ ತರಗತಿಯ ಕಿಟಕಿಗಳ ಮೇಲೆ ಬೀಳುತ್ತಿತ್ತು, ನಾವು ಗೊಣಗುತ್ತಿದ್ದೆವು. ಮುಂದೆ ಚಾಳನ್ನು ಕೆಡವಿ ಬಹುಮಹಡಿಯ ಕಟ್ಟಡ ಕಟ್ಟುವುದೆಂದು ನಿಶ್ಚಯವಾಯಿತು. ಮರವನ್ನು ಕಡಿಯುವ ನೋಟೀಸನ್ನು ಕಾಂಡಕ್ಕೆ ಅಂಟಿಸಿದರು. ಆಕ್ಷೇಪವಿದ್ದವರು ಬರೆದು ತಿಳಿಸಬಹುದೆಂದು ಅದರಲ್ಲಿತ್ತು. ನಾವು ಅದನ್ನು ಓದಿದೆವು. ಹಿಕ್ಕೆಯ ಕಾಟ ತಪ್ಪೀತೆಂದು ಒಳಗೊಳಗೇ ಸಂತೋಷಪಟ್ಟು ಮುಂದೆ ನಡೆದೆವು.

ಪರೀಕ್ಷೆಯ ದಿನಗಳಲ್ಲಿ ಗರಗಸದ ಸದ್ದು ಕೇಳಿತು. ಹಾಡಹಗಲಿನಲ್ಲಿ ಬಾವಲಿಗಳು ಎದ್ದು ಬಿಸಿಲಿನಲ್ಲಿ ಸುತ್ತತೊಡಗಿದುವು. ಕೆಲವು ತಾಯಿಗಳ ಎದೆಗೆ ಮರಿಗಳು ಅಂಟಿಕೊಂಡಿದ್ದುವು. ಕಿಟಕಿಯ ಬಳಿಯ ಹುಡುಗನೊಬ್ಬನು ಕೇಳಿದನು: “ಸರ್, ಚಾಳಿನವರಿಗೆ ಬೇರೆ ಖೋಲಿ ಕೊಟ್ಟಿದ್ದಾರೆ. ಇವಕ್ಕೆ ಯಾರು ಕೊಡುತ್ತಾರೆ?”

ನಮ್ಮಲ್ಲಿ ಉತ್ತರವಿರಲಿಲ್ಲ. “ಬರೆಯುವುದನ್ನು ಮುಂದುವರಿಸು” ಎಂದೆವು.

ಆಮೇಲೆ ಓದಿ ತಿಳಿದುಕೊಂಡೆವು. ಈ ದೊಡ್ಡ ಹಣ್ಣುಬಾವಲಿಗಳು ತಲೆಮಾರುಗಳವರೆಗೆ ಒಂದೇ ಹಳೆಯ ಮರವನ್ನು ನಚ್ಚಿಕೊಂಡಿರುತ್ತವೆ. ಹೆಣ್ಣು ಸಾಮಾನ್ಯವಾಗಿ ವರ್ಷಕ್ಕೆ ಒಂದೇ ಮರಿ ಹಾಕುತ್ತದೆ; ಆದುದರಿಂದ ಒಮ್ಮೆ ಕುಗ್ಗಿದ ಸಂಸಾರ ಬೇಗನೆ ಬೆಳೆಯದು. ಮಹಾರಾಷ್ಟ್ರದಲ್ಲಿ ನಗರದ ಮರಗಳ ರಕ್ಷಣೆಗೆ 1975ರ ಕಾಯಿದೆಯಿದೆ. ಕಡಿದುದಕ್ಕೆ ಬದಲು ಸಸಿ ನೆಡಬೇಕೆಂದು ಅದು ವಿಧಿಸುತ್ತದೆ. ಆದರೆ ಮೊಣಕಾಲೆತ್ತರದ ಸಸಿಯಲ್ಲಿ ಬಾವಲಿ ತೂಗಲಾದೀತೇ? ಸಸಿಯನ್ನು ಒಂದು ದಿನದಲ್ಲಿ ನೆಡಬಹುದು, ಬಿಡಾರವನ್ನು ನೆಡಲಾಗದು.

ಚಿಕ್ಕ ಬಾವಲಿಗಳ ಪಾಡೂ ಇದೇ. ಸೊಳ್ಳೆಗಳನ್ನೂ ಇತರ ಕೀಟಗಳನ್ನೂ ಹಿಡಿದು ತಿನ್ನುವ ಇವು ಹಳೆಯ ಗೋಡೆಗಳ ಬಿರುಕುಗಳಲ್ಲಿ ಬಾಳುತ್ತವೆ. ಗಾಜು ಸಿಮೆಂಟುಗಳ ಹೊಸ ಗೋಡೆಯಲ್ಲಿ ಅವಕ್ಕೆ ಬಿರುಕೆಲ್ಲಿ? ಕೆಲವು ಜಾತಿಗಳು ಬೀದಿದೀಪದ ಸುತ್ತ ಬೇಟೆಯಾಡುತ್ತವೆ. ಮತ್ತೆ ಕೆಲವು ಆ ಬೆಳಕಿಗೆ ಹೆದರಿ ದಾರಿ ಬಿಡುತ್ತವೆ.

ಇನ್ನೊಂದು ಸಂಗತಿ ನಮ್ಮನ್ನು ನಾಚಿಸಿತು. ಆಲ, ಅರಳಿ, ಅತ್ತಿಯ ಹಣ್ಣು ತಿಂದ ಬಾವಲಿ ಬೀಜವನ್ನು ದೂರದೂರ ಬಿತ್ತುತ್ತದೆ. ನಾವು ಹೇಸಿದ ಆ ಹಿಕ್ಕೆಯಲ್ಲಿಯೇ ಮುಂದಿನ ಆಲದ ಬೀಜವಿತ್ತು! ಮರಾಠಿಯಲ್ಲಿ ಇದಕ್ಕೆ ‘ವಟವಾಘೂಳ’ ಎಂದು ಹೆಸರು; ನಿಮಗೆಲ್ಲ ಗೊತ್ತು. ವಟವೆಂದರೆ ಆಲ. ಹೆಸರಿನಲ್ಲಿ ಮರ ಉಳಿದಿದೆ, ಅಂಗಳದಲ್ಲಿಲ್ಲ.

1972ರ ವನ್ಯಜೀವಿ ಕಾಯಿದೆ ಹಣ್ಣುಬಾವಲಿಗಳನ್ನು ಇಲಿ ಕಾಗೆಗಳೊಡನೆ ಪೀಡಕಗಳ ಪಟ್ಟಿಯಲ್ಲಿ ಸೇರಿಸಿದ್ದಿತು. 2022ರ ತಿದ್ದುಪಡಿ ಆ ಪಟ್ಟಿಯನ್ನೇ ತೆಗೆದುಹಾಕಿತು. ಕಾಯಿದೆ ತಿದ್ದಿಕೊಂಡ ಮೇಲೆ ನಾವು ತಿದ್ದಿಕೊಳ್ಳಬಾರದೇ?

ಪ್ರೀತಿಯೆಂದರೆ ಮುಟ್ಟುವುದಲ್ಲ ಎಂಬುದನ್ನೂ ಹೇಳಬೇಕು. 2018ರಲ್ಲಿ ಕೇರಳದಲ್ಲಿ ಕಾಣಿಸಿಕೊಂಡ ನಿಫಾ ರೋಗದ ಸೋಂಕು ಹಣ್ಣುಬಾವಲಿಗಳಲ್ಲಿರುತ್ತದೆ. ಕೆಳಗೆ ಬಿದ್ದ ಬಾವಲಿಯನ್ನು ಕೈಯಿಂದ ಮುಟ್ಟಬೇಡಿರಿ. ಕಚ್ಚಿದ ಹಣ್ಣನ್ನು ತಿನ್ನಬೇಡಿರಿ. ಆದರೆ ಹೆದರಿ ಕಲ್ಲೆಸೆಯಲೂ ಬೇಡಿರಿ. ಅವುಗಳ ಪಾಡಿಗೆ ಅವನ್ನು ಬಿಡುವುದೇ ಇಬ್ಬರಿಗೂ ಕ್ಷೇಮ.

ಬಾಲಕ ಬಾಲಿಕೆಯರೇ, ನಿಲ್ದಾಣದ ದಾರಿಯಲ್ಲಿ ಇನ್ನೊಂದು ಹಳೆಯ ಅರಳಿಯ ಮರವುಂಟು. ಕಳೆದ ಮಳೆಗಾಲದಿಂದ ಅದರಲ್ಲಿ ಹತ್ತಾರು ಬಾವಲಿಗಳು ಕಾಣುತ್ತಿವೆ. ನಮ್ಮ ಆಲದವೋ, ಬೇರೆಯವೋ, ನಾವರಿಯೆವು. ಆ ದಾರಿಯಲ್ಲಿ ನಡೆಯುವಾಗ ನಾವೀಗ ಪ್ರತಿದಿನವೂ ಅದರ ಕಾಂಡವನ್ನು ನೋಡುತ್ತೇವೆ. ನೀವೂ ನೋಡಿರಿ. ಒಂದು ದಿನ ಅಲ್ಲಿ ಕಾಗದ ಅಂಟಿಸಿದ್ದು ಕಂಡರೆ, ನಿಂತು ಓದಿರಿ. ಮನೆಯ ಹಿರಿಯರಿಗೆ ತಿಳಿಸಿರಿ. ನಮ್ಮಲ್ಲಿಗೂ ಓಡಿ ಬನ್ನಿರಿ. ಈ ಸಲ ಆಕ್ಷೇಪಪತ್ರವನ್ನು ನಾವೇ ಬರೆಯುತ್ತೇವೆ.