‘ಕಟ್’ ಅನ್ನೋರೇ ಇರಲಿಲ್ಲ!

ನಾನೂ ಒಂದು ಕಾಲಕ್ಕೆ ಡೈರೆಕ್ಟರ್ ಆಗಿದ್ದೆ ಸ್ವಾಮಿ! ನಗಬೇಡಿ. ತುಮಕೂರು ಜಿಲ್ಲೆಯ ಒಂದು ಹಳ್ಳಿಯಲ್ಲಿ ಮೂರು ದಿನ ಎಲ್ಲರೂ ನನ್ನನ್ನು ‘ಡೈರೆಕ್ಟ್ರೇ’ ಅಂತಲೇ ಕರೆದರು. ನಾಲ್ಕನೇ ದಿನ ಕರೆದ ಹೆಸರು ಅಚ್ಚು ಮಾಡುವಂಥದ್ದಲ್ಲ.

ಅದು 1980ರ ಫೆಬ್ರುವರಿ. ಆಗಿನ ಗಾಳಿಯೇ ಹಾಗಿತ್ತು. 1970ರ ‘ಸಂಸ್ಕಾರ’, 1975ರ ‘ಚೋಮನ ದುಡಿ’, 1977ರ ‘ಘಟಶ್ರಾದ್ಧ’ ಮೂರೂ ದೇಶಕ್ಕೇ ಅತ್ಯುತ್ತಮ ಚಿತ್ರ ಅನ್ನಿಸಿಕೊಂಡು ಬಂದಿದ್ದವು. ‘ಘಟಶ್ರಾದ್ಧ’ ಗಿರೀಶ್ ಕಾಸರವಳ್ಳಿಯವರ ಮೊದಲ ಕಥಾಚಿತ್ರ. ಆಗ ಅವರಿಗೆ ಮೂವತ್ತೂ ತುಂಬಿರಲಿಲ್ಲ. ಇಷ್ಟು ಸಾಕಲ್ಲ, ನಮ್ಮಂಥ ಐದು ಜನ ಕಾಲೇಜು ಹುಡುಗರ ತಲೆ ಕೆಡೋಕೆ! ಅವರು ಪುಣೆಯ ಇನ್‌ಸ್ಟಿಟ್ಯೂಟಿನಲ್ಲಿ ಕಲಿತು ಬಂದವರು ಅನ್ನೋದನ್ನ ನಾವು ಮರೆತೇಬಿಟ್ಟಿದ್ದೆವು.

ಗೆಳೆಯನೊಬ್ಬನ ಸೋದರಮಾವ ಮದುವೆ ಫೋಟೋ ತೆಗೆಯುವವರು. ಅವರ ಬೀರುವಿನಲ್ಲಿ ಸ್ವಿಟ್ಜರ್ಲೆಂಡಿನ ಹಳೇ ಬೋಲೆಕ್ಸ್ ಕ್ಯಾಮೆರಾ ಇತ್ತು, 16 ಎಂ.ಎಂ.ನದು. ಗಡಿಯಾರದ ಹಾಗೆ ಕೀ ಕೊಡಬೇಕು. ಪೂರ್ತಿ ಕೀ ಕೊಟ್ಟರೆ ಸುಮಾರು 28 ಸೆಕೆಂಡು ಗಿರ್ರೆಂದು ಓಡಿ ತಾನೇ ನಿಂತುಬಿಡುತ್ತದೆ. 100 ಅಡಿಯ ರೀಲು 2 ನಿಮಿಷ 46 ಸೆಕೆಂಡಿಗೆ ಖಾಲಿ! ನಮ್ಮ ಹತ್ತಿರ ಇದ್ದದ್ದು ಐದೇ ರೀಲು, ಅದೂ ಕಪ್ಪು ಬಿಳುಪು. ಮಾವನ ಕೈಕಾಲು ಹಿಡಿದು ತಂದೆವು. ಆ ಗೆಳೆಯನೇ ಕ್ಯಾಮೆರಾಮನ್ ಆದ. ಮಾವನ ಕ್ಯಾಮೆರಾ ಅಂದಮೇಲೆ ಬೇರೆಯವರಿಗೆ ಕೊಟ್ಟಾನೆಯೇ?

ಮೊದಲ ದಿನ ನಾಯಕ ಎತ್ತಿನಗಾಡಿಯಲ್ಲಿ ಊರಿಗೆ ಬರುವ ದೃಶ್ಯ. ಪ್ಲೈವುಡ್ ಹಲಗೆಗೆ ಬೆಳ್ಳಿ ಕಾಗದ ಅಂಟಿಸಿ ರಿಫ್ಲೆಕ್ಟರ್ ಮಾಡಿದ್ದೆವು. ಹಿಡಿದವನು ಅದನ್ನು ನಾಯಕನ ಮುಖಕ್ಕೆ ತಿರುಗಿಸುವ ಬದಲು ಎತ್ತಿನ ಕಣ್ಣಿಗೆ ತಿರುಗಿಸಿದ. ಅಷ್ಟೇ! ಗಾಡಿ, ಎತ್ತು, ನಾಯಕ ಎಲ್ಲ ಕೆರೆಯ ಪಾಲು. ಬಿದ್ದ ನಾಯಕನನ್ನು ಕೆಸರಿನಿಂದ ಎಬ್ಬಿಸುವಾಗಲೂ ನಮಗೆ ಒಳಗೊಳಗೇ ಖುಷಿ. ಎಂಥಾ ಶಾಟ್ ಸಿಕ್ಕಿತು ಅಂತ! ಹತ್ತಿರ ಹೋಗಿ ನೋಡಿದರೆ ಲೆನ್ಸಿನ ಮುಚ್ಚಳವನ್ನೇ ತೆಗೆದಿರಲಿಲ್ಲ. ಪಕ್ಕದ ಕಿಂಡಿಯಲ್ಲಿ ನೋಡುವ ಮಾದರಿ ಅದು. ಮುಚ್ಚಳ ಹಾಕಿದ್ದರೂ ಕಣ್ಣಿಗೆ ಎಲ್ಲ ಚೆನ್ನಾಗಿಯೇ ಕಾಣುತ್ತದೆ.

ಎರಡನೇ ದಿನ ಖಳನಾಯಕ ನಾಯಕನ ತಾಯಿಯನ್ನು ತಳ್ಳಬೇಕು. ಊರಿನ ಮೇಷ್ಟ್ರ ತಾಯಿಯೇ ತಾಯಿಯ ಪಾತ್ರಕ್ಕೆ ಒಪ್ಪಿದ್ದರು. ನಮ್ಮ ಹುಡುಗ ಅವರ ಭುಜ ಮುಟ್ಟಿದನೋ ಇಲ್ಲವೋ, ಜನರ ಮಧ್ಯದಿಂದ ಒಬ್ಬ ಅಜ್ಜಿ ಪೊರಕೆ ಹಿಡಿದು ನುಗ್ಗಿದಳು. “ಹಾಳಾದೋನೇ, ವಯಸ್ಸಾದೋರ ಮ್ಯಾಲೆ ಕೈ ಮಾಡ್ತೀಯೇನ್ಲಾ?” ಬಿತ್ತು ನೋಡಿ ನಾಲ್ಕು! ತಾಯಿ ಪಾತ್ರದವರೇ ಎದ್ದು ಬಿಡಿಸಬೇಕಾಯಿತು. ಆಮೇಲೆ ಆ ಅಜ್ಜಿಯೇ ಅವನಿಗೆ ಮಜ್ಜಿಗೆ ಕೊಟ್ಟಳು, ಆ ಮಾತು ಬೇರೆ.

ಇಷ್ಟರ ತನಕ ಹೇಳಿ ನಗಿಸುವುದು ನನಗೆ ಅಭ್ಯಾಸ. ಮೂರನೇ ದಿನದ್ದನ್ನು ಪೂರ್ತಿ ಯಾರಿಗೂ ಹೇಳಿಲ್ಲ.

ಕತೆಯಲ್ಲಿ ಖಳನಾಯಕ ಬಡರೈತನ ಬಣವೆಗೆ ಬೆಂಕಿ ಇಡುತ್ತಾನೆ. ಒಬ್ಬ ಗೌಡರು ಕಣ ಬಿಟ್ಟುಕೊಟ್ಟಿದ್ದರು. ಹೆಸರಿಗೆ ಗೌಡರು, ಇದ್ದದ್ದು ಎರಡೆಕರೆ, ಎರಡು ಎತ್ತು, ಒಂದು ಹಸು. ಅವರ ರಾಗಿಹುಲ್ಲಿನ ಬಣವೆ ಕಣದ ಆಚೆ ಬದಿಗೆ. ನಾವು ಈಚೆ ಬದಿಯಲ್ಲಿ ಕಸದ ಹುಲ್ಲು ಗುಡ್ಡೆ ಮಾಡಿ, ಎರಡು ಕೊಡ ನೀರಿಟ್ಟುಕೊಂಡೆವು. ಎರಡೇ ಕೊಡ!

ಸಂಜೆ ನಾಲ್ಕೂವರೆ. ಗೌಡರು ತಲೆ ಎತ್ತಿ ನೋಡಿ, “ಗಾಳಿ ಎದ್ದೈತೆ ಕಣ್ರಪ್ಪ, ಬೆಳಿಗ್ಗೆ ಇಟ್ಕಳ್ರಿ” ಅಂದರು. ಬೆಳಿಗ್ಗೆ ಬಸ್ಸು ಹಿಡಿಯಬೇಕಿತ್ತು, ಕ್ಯಾಮೆರಾ ಮಾವನಿಗೆ ವಾಪಸ್ಸು ಮುಟ್ಟಬೇಕಿತ್ತು. “ಬೆಳಕು ಹೋಗುತ್ತೆ ಗೌಡ್ರೇ, ಎರಡೇ ನಿಮಿಷ” ಅಂದೆ.

ಕಿಡಿ ಹಾರಿದ್ದು ಯಾರ ಕಣ್ಣಿಗೂ ಬೀಳಲಿಲ್ಲ. ಬಣವೆಯ ತುದಿಯಲ್ಲಿ ತೆಳ್ಳಗೆ ಹೊಗೆ ಕಂಡಿತು, ಆಮೇಲೆ ಒಮ್ಮೆಲೇ ಧಗ್ ಅಂತು. ಹುಡುಗರು ಕೊಡ ಹಿಡಿದು ಓಡಿದರು. ಕ್ಯಾಮೆರಾಮನ್ ನನ್ನ ಮುಖ ನೋಡಿದ. ಇಷ್ಟು ವರ್ಷ ನಾನು ತಪ್ಪನ್ನು ಅವನ ತಲೆಗೇ ಕಟ್ಟಿಕೊಂಡು ಬಂದಿದ್ದೇನೆ. “ನಿಲ್ಲಿಸ್ಬೇಡ, ಓಡ್ಸು” ಅಂದದ್ದು ನಾನು. ಕೀ ಮುಗಿಯುವ ತನಕ ನಾನೂ ಅಲ್ಲೇ ನಿಂತಿದ್ದೆ. ಆಮೇಲೆ ಓಡಿದೆ.

ಊರಿಗೆ ಊರೇ ಸೇರಿ ಪಕ್ಕದ ಬಣವೆಗಳನ್ನು ಉಳಿಸಿಕೊಂಡಿತು. ಗೌಡರದ್ದು ಬೂದಿ. ಇನ್ನೂ ಫೆಬ್ರುವರಿ, ಮಳೆ ಬಿದ್ದು ಹಸಿರು ಕಾಣಬೇಕಾದರೆ ಜೂನ್ ಆಗಬೇಕು.

ರಾತ್ರಿ ನಮ್ಮ ಹತ್ತಿರ ಇದ್ದಬದ್ದ ದುಡ್ಡು ಒಟ್ಟು ಮಾಡಿ ಅವರ ಮುಂದೆ ಇಟ್ಟೆವು. ರೀಲು ತೊಳೆಸೋಕೆ ಇಟ್ಟುಕೊಂಡಿದ್ದ ಹಣವೂ ಅದರಲ್ಲಿತ್ತು. ಗೌಡರು ಮುಟ್ಟಲಿಲ್ಲ. “ದನ ನೋಟು ತಿನ್ನಾಕಿಲ್ಲ ಕಣ್ರಪ್ಪ. ಹುಲ್ಲು ತಂದ್ಹಾಕ್ರಿ” ಅಂದರು. ಮಾರನೇ ದಿನ ಬಸ್ಸು ಬಿಟ್ಟು ಅಕ್ಕಪಕ್ಕದ ಹಳ್ಳಿ ತಿರುಗಿದೆವು. ಬೇಸಿಗೆ ಮುಂದಿರುವಾಗ ಹುಲ್ಲು ಮಾರುವವರು ಯಾರು? ಸಿಕ್ಕಿದ್ದು ಒಂದು ಗಾಡಿ. ಊರಿಗೆ ಬಂದು ನನ್ನ ಸೈಕಲ್ ಮಾರಿ ಇನ್ನೊಂದು ಗಾಡಿಗೆ ದುಡ್ಡು ಕಳಿಸಿದೆ. ಯುಗಾದಿಗೆ ಮುಂಚೆ ಗೌಡರು ಹಸು ಮಾರಿದರು ಅಂತ ಮೇಷ್ಟ್ರು ಕಾರ್ಡು ಬರೆದರು.

ರೀಲುಗಳನ್ನು ತೊಳೆಸಲು ಮತ್ತೆ ದುಡ್ಡು ಕೂಡಿಸುವ ಹೊತ್ತಿಗೆ ಮಳೆಗಾಲ ಬಂದಿತ್ತು. ಬಾಡಿಗೆ ಪ್ರೊಜೆಕ್ಟರಿನಲ್ಲಿ, ಗೋಡೆ ಮೇಲೆ ನೋಡಿದೆವು. ಅರ್ಧಕ್ಕರ್ಧ ಕತ್ತಲು, ಮಿಕ್ಕಿದ್ದು ಅಲುಗಾಟ. ಆ 28 ಸೆಕೆಂಡು ಮಾತ್ರ ಅದ್ಭುತವಾಗಿ ಬಂದಿತ್ತು! ದೊಡ್ಡ ಕ್ಯಾಮೆರಾಮನ್‌ಗಳು ಹೊಟ್ಟೆಕಿಚ್ಚು ಪಡಬೇಕು, ಅಂಥ ಬೆಂಕಿ. ಕೊನೆಯಲ್ಲಿ ಗೌಡರು ಎಡಗಡೆಯಿಂದ ಬರುತ್ತಾರೆ. ಬೆಂಕಿಯ ಕಡೆ ಹೋಗುವುದಿಲ್ಲ, ನೇರ ಎತ್ತುಗಳ ಹತ್ತಿರ ಹೋಗಿ ಹಗ್ಗ ಬಿಚ್ಚುತ್ತಾರೆ. ಬಿಚ್ಚುತ್ತಾ ಒಮ್ಮೆ ತಿರುಗಿ ಕ್ಯಾಮೆರಾ ಕಡೆ ನೋಡುತ್ತಾರೆ. ಅಲ್ಲಿಗೆ ಕೀ ಮುಗಿಯುತ್ತದೆ.

ಚಿತ್ರ ಅಲ್ಲಿಗೇ ನಿಂತಿತು. ಡಬ್ಬಿ ಈಗಲೂ ನನ್ನ ಟ್ರಂಕಿನಲ್ಲಿದೆ, ತೆರೆದರೆ ಹುಳಿ ವಾಸನೆ ಹೊಡೆಯುತ್ತದೆ. ಹೋದ ವರ್ಷ ಮಗ ಅದನ್ನು ಕಂಪ್ಯೂಟರಿಗೆ ಇಳಿಸಿಕೊಡುತ್ತೇನೆ ಅಂದ. ಎತ್ತಿನಗಾಡಿಯ ಕತೆ ಹೇಳಿ ಅವನನ್ನು ನಗಿಸಿದೆ. ಟ್ರಂಕಿನ ಬೀಗದ ಕೈ ಕೊಡಲಿಲ್ಲ.